ನಾಣ್ಯಕ್ಕೆ ನೆನಪಿಲ್ಲ

೨೦೨೫ನೆಯ ಇಸವಿ ಡಿಸೆಂಬರ್ ೬. ವಿಶಾಖಪಟ್ಟಣದ ಮೈದಾನದಲ್ಲಿ ದಕ್ಷಿಣ ಆಫ್ರಿಕದ ಎದುರು ಏಕದಿನ ಪಂದ್ಯಕ್ಕೆ ಭಾರತ ತಂಡ ಸಜ್ಜಾಗಿತ್ತು. ಅಂದು ತಂಡದ ನಾಯಕತ್ವ ಕನ್ನಡಿಗ ಕೆ. ಎಲ್. ರಾಹುಲ್ ಅವರದು. ಪಂದ್ಯ ಏನಾದೀತು ಎಂಬ ಕುತೂಹಲದ ಜೊತೆಗೆ ಟಾಸ್ ಏನಾದೀತು ಎಂಬ ಕುತೂಹಲವೂ ಕ್ರಿಕೆಟ್ ಪ್ರೇಮಿಗಳನ್ನು ಕಾಡುತ್ತಿತ್ತು. ಏಕೆಂದರೆ ೨೦೨೩ರ ನವೆಂಬರಿನಲ್ಲಿ ಅಹಮದಾಬಾದಿನಲ್ಲಿ ನಡೆದ ವಿಶ್ವಕಪ್ಪಿನ ಅಂತಿಮ ಪಂದ್ಯದಿಂದ ಮೊದಲಾಗಿ, ಏಕದಿನ ಪಂದ್ಯಗಳಲ್ಲಿ ಭಾರತ ಒಂದಾದ ಮೇಲೊಂದರಂತೆ ಇಪ್ಪತ್ತು ಟಾಸ್‌ಗಳನ್ನು ಸೋತಿತ್ತು. ನಾಯಕರು ಬದಲಾದರು, ಊರುಗಳು ಬದಲಾದವು. ಸೋಲು ಮಾತ್ರ ಬದಲಾಗಲಿಲ್ಲ. ಇಪ್ಪತ್ತೊಂದನೆಯ ಬಾರಿ, ವಿಶಾಖಪಟ್ಟಣದಲ್ಲಿ, ನಾಣ್ಯ ಕೊನೆಗೂ ಭಾರತದ ಪರವಾಗಿ ಬಿದ್ದಿತು.

ಇಂಥ ಗಳಿಗೆಯಲ್ಲಿ ಟೆಲಿವಿಷನ್ನಿನ ಮುಂದೆ ಕುಳಿತವರ ನಡುವೆ ಎರಡು ಬಗೆಯ ಮಾತು ಹುಟ್ಟುವುದು ಸಹಜ. “ಇಷ್ಟು ಸಲ ಸೋತಾಯಿತಲ್ಲ, ಈ ಸಲ ಗೆಲ್ಲಲೇಬೇಕು” ಎಂಬುದು ಒಂದು. “ಗ್ರಹಗತಿಯೇ ನೆಟ್ಟಗಿಲ್ಲ, ಇವತ್ತೂ ಸೋಲೇ” ಎಂಬುದು ಇನ್ನೊಂದು. ಮೊದಲನೆಯ ಮಾತು ನ್ಯಾಯವನ್ನು ನೆಚ್ಚಿದೆ. ಎರಡನೆಯದು ವಿಧಿಯನ್ನು ನೆಚ್ಚಿದೆ. ಗಣಿತ ಇವೆರಡನ್ನೂ ಒಪ್ಪುವುದಿಲ್ಲ. ಇಪ್ಪತ್ತು ಸೋಲುಗಳ ಅನಂತರವೂ ಮುಂದಿನ ಟಾಸ್ ಗೆಲ್ಲುವ ಸಂಭವ ಮೊದಲ ದಿನ ಇದ್ದಷ್ಟೇ, ಅಂದರೆ ಸರಿಯಾಗಿ ಅರ್ಧ.

ಆದರೆ ಅದೇ ಗಣಿತವೇ ಇನ್ನೊಂದು ಮಾತನ್ನೂ ಹೇಳುತ್ತದೆ. ಗೊತ್ತುಮಾಡಿದ ಇಪ್ಪತ್ತು ಟಾಸ್‌ಗಳನ್ನೂ ಸೋಲುವ ಸಂಭವ ೧೦,೪೮,೫೭೬ರಲ್ಲಿ ಒಂದು ಮಾತ್ರ! ಒಂದೇ ನಾಣ್ಯದ ವಿಷಯದಲ್ಲಿ ಒಮ್ಮೆ ‘ಅರ್ಧ’, ಒಮ್ಮೆ ‘ಹತ್ತು ಲಕ್ಷದಲ್ಲಿ ಒಂದು’ ಎಂದರೆ ಹೇಗೆ? ಈ ಗಂಟನ್ನು ಬಿಡಿಸುವ ಕಲೆಯೇ ಪ್ರೌಢಶಾಲೆಯ ಮಕ್ಕಳು ಗಣಿತದ ಪುಸ್ತಕದಲ್ಲಿ ಓದುವ ‘ಸಂಭವನೀಯತೆ’. ಪರೀಕ್ಷೆಯಲ್ಲಿ ಕೆಲವು ಅಂಕಗಳನ್ನು ಸುಲಭವಾಗಿ ತಂದುಕೊಡುವ ಚಿಕ್ಕ ಅಧ್ಯಾಯವೆಂದೇ ವಿದ್ಯಾರ್ಥಿಗಳು ಅದನ್ನು ಭಾವಿಸುವುದುಂಟು. ಆದರೆ ಆ ಚಿಕ್ಕ ಅಧ್ಯಾಯದ ಒಂದು ನಿಯಮವನ್ನು ತಪ್ಪಾಗಿ ಬಳಸಿದ್ದರಿಂದ ಜೂಜುಕೋರರು ಒಂದೇ ರಾತ್ರಿಯಲ್ಲಿ ರಾಶಿರಾಶಿ ಹಣ ಕಳೆದುಕೊಂಡದ್ದುಂಟು. ಮಕ್ಕಳನ್ನು ಕಳೆದುಕೊಂಡ ತಾಯಿಯೊಬ್ಬಳು ಸೆರೆಮನೆ ಸೇರಿದ್ದೂ ಉಂಟು.

ತಾರೆಯ ಮರದ ಕೆಳಗೆ

ಸಂಭವನೀಯತೆಯ ಮೊದಲ ಪಾಠ ಎಣಿಕೆ. ಎಣಿಕೆಗೂ ಜೂಜಿಗೂ ಇರುವ ನಂಟು ಭಾರತೀಯರಿಗೆ ಹೊಸದಲ್ಲ. ಮಹಾಭಾರತದ ವನಪರ್ವದಲ್ಲಿ ಬರುವ ನಳೋಪಾಖ್ಯಾನವನ್ನು ನೆನೆಯಬಹುದು. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳ, ಬಾಹುಕನೆಂಬ ಹೆಸರಿನಲ್ಲಿ ಅಯೋಧ್ಯೆಯ ಋತುಪರ್ಣನಿಗೆ ಸಾರಥಿಯಾಗಿದ್ದಾನೆ. ದಮಯಂತಿಯ ಎರಡನೆಯ ಸ್ವಯಂವರದ ಸುದ್ದಿ ಕೇಳಿ ಇಬ್ಬರೂ ವಿದರ್ಭದತ್ತ ರಥದಲ್ಲಿ ಧಾವಿಸುತ್ತಿರುವಾಗ ದಾರಿಯಲ್ಲೊಂದು ತಾರೆಯ ಮರ ಎದುರಾಗುತ್ತದೆ. ಅದರ ಎರಡು ಕೊಂಬೆಗಳಲ್ಲಿ ಐದು ಕೋಟಿ ಎಲೆಗಳೂ ೨,೦೯೫ ಹಣ್ಣುಗಳೂ ಇವೆಯೆಂದು ಋತುಪರ್ಣ ಕುಳಿತಲ್ಲಿಂದಲೇ ಹೇಳುತ್ತಾನೆ. ನಂಬದ ನಳ ರಥ ನಿಲ್ಲಿಸಿ ಹಣ್ಣುಗಳನ್ನು ಎಣಿಸಿ ನೋಡಿದರೆ ಲೆಕ್ಕ ಸರಿಯಾಗಿದೆ! ಆಗ ಋತುಪರ್ಣ ತನಗೆ ಸಂಖ್ಯೆಯ ವಿದ್ಯೆಯ ಜೊತೆಗೆ ‘ಅಕ್ಷಹೃದಯ’ವೂ, ಅಂದರೆ ದಾಳದ ಮರ್ಮವೂ ತಿಳಿದಿದೆ ಎನ್ನುತ್ತಾನೆ. ನಳ ತನ್ನ ‘ಅಶ್ವಹೃದಯ’ವನ್ನು ಕೊಟ್ಟು ಅದನ್ನು ಪಡೆಯುತ್ತಾನೆ, ಮುಂದೆ ಅದರ ಬಲದಿಂದಲೇ ರಾಜ್ಯವನ್ನೂ ಮರಳಿ ಗೆಲ್ಲುತ್ತಾನೆ. ಪುರಾತನ ಭಾರತದಲ್ಲಿ ತಾರೆಯ ಕಾಯಿಗಳನ್ನೇ ದಾಳಗಳಾಗಿ ಬಳಸುತ್ತಿದ್ದರೆಂಬುದನ್ನು ನೆನೆದರೆ, ಕಥೆಗಾರ ಆ ಮರವನ್ನೇ ಆರಿಸಿಕೊಂಡದ್ದರ ಸ್ವಾರಸ್ಯ ಹೊಳೆಯುತ್ತದೆ. ಎಣಿಸಬಲ್ಲವನೇ ದಾಳವನ್ನು ಬಲ್ಲವನು!

ಪುರಾಣದ ಮಾತು ಹಾಗಿರಲಿ. ಅಜ್ಜಿಯ ಮನೆಯ ಚೌಕಾಬಾರದ ಆಟವನ್ನೇ ನೋಡಬಹುದು. ಕವಡೆ ದೊರೆಯದಾಗ ನಾಲ್ಕು ಹುಣಸೆಬೀಜಗಳನ್ನು ಒಂದು ಬದಿ ಬೆಳ್ಳಗಾಗುವಂತೆ ತೇಯ್ದು ಆಡುವುದು ವಾಡಿಕೆ. ಒಂದು ಬೀಜ ಬಿಳಿಯ ಬದಿ ಮೇಲಾಗಿ ಬಿದ್ದರೆ ಒಂದು. ಎರಡು ಬಿದ್ದರೆ ಎರಡು. ಮೂರು ಬಿದ್ದರೆ ಮೂರು. ನಾಲ್ಕೂ ಬಿಳಿಯಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಕಪ್ಪಾದರೆ ಬಾರ, ಅಂದರೆ ಎಂಟು. ಚೌಕವೋ ಬಾರವೋ ಬಿದ್ದರೆ ಇನ್ನೊಮ್ಮೆ ಹಾಕುವ ಭಾಗ್ಯ ಬೇರೆ.

ಹೀಗೆ ಬೀಳುವ ಅಂಕಗಳು ಒಟ್ಟು ಐದು. ಹಾಗಾದರೆ ಪ್ರತಿಯೊಂದೂ ಬೀಳುವ ಸಂಭವ ಐದರಲ್ಲಿ ಒಂದೆ? ಆಡಿ ಪಳಗಿದ ಯಾವ ಅಜ್ಜಿಯೂ ಇದನ್ನು ಒಪ್ಪಲಾರಳು. ಎರಡು ಪದೇಪದೇ ಬೀಳುತ್ತದೆ. ಚೌಕ, ಬಾರಗಳು ಬೇಕೆಂದಾಗ ಬೀಳುವುದಿಲ್ಲ. ಇದರ ಕಾರಣವನ್ನು ಕಾಣಬೇಕಾದರೆ ಅಂಕಗಳನ್ನಲ್ಲ, ಬೀಜಗಳನ್ನು ಎಣಿಸಬೇಕು. ಮೊದಲನೆಯ ಬೀಜ ಬೀಳಬಹುದಾದ ಬಗೆ ಎರಡು, ಎರಡನೆಯದು ಎರಡು, ಮೂರನೆಯದು ಎರಡು, ನಾಲ್ಕನೆಯದು ಎರಡು. ಒಂದನ್ನೊಂದು ಗುಣಿಸಿದರೆ ಒಟ್ಟು ೧೬ ಬಗೆಗಳು. ಇವುಗಳಲ್ಲಿ ನಾಲ್ಕೂ ಬಿಳಿಯಾಗುವ ಬಗೆ ಒಂದೇ ಒಂದು. ನಾಲ್ಕೂ ಕಪ್ಪಾಗುವುದೂ ಒಂದೇ. ಒಂದು ಮಾತ್ರ ಬಿಳಿಯಾಗುವ ಬಗೆಗಳು ನಾಲ್ಕು, ಏಕೆಂದರೆ ಆ ಒಂದು ಬೀಜ ನಾಲ್ಕರಲ್ಲಿ ಯಾವುದಾದರೂ ಆಗಬಹುದು. ಮೂರು ಬಿಳಿಯಾಗುವ ಬಗೆಗಳೂ ನಾಲ್ಕು. ಎರಡು ಬಿಳಿ, ಎರಡು ಕಪ್ಪು ಆಗುವ ಬಗೆಗಳು ಆರು. ಆದ್ದರಿಂದ ಎರಡು ಬೀಳುವ ಸಂಭವನೀಯತೆ ೧೬ರಲ್ಲಿ ೬. ಚೌಕದ್ದು ೧೬ರಲ್ಲಿ ೧. ಬಾರದ್ದೂ ೧೬ರಲ್ಲಿ ೧. ಅಜ್ಜಿಯ ಅನುಭವಕ್ಕೂ ಶಾಲೆಯ ಸೂತ್ರಕ್ಕೂ ಎಲ್ಲಿಯೂ ವಿರೋಧವಿಲ್ಲ.

ಸೂತ್ರವಾದರೂ ಸರಳವೇ. ಸಮಾನ ಅವಕಾಶವುಳ್ಳ ಎಲ್ಲ ಬಗೆಗಳನ್ನೂ ಎಣಿಸುವುದು. ಅವುಗಳಲ್ಲಿ ಬೇಕಾದವು ಎಷ್ಟೆಂದು ನೋಡುವುದು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸುವುದು. ಎಂದೂ ಆಗದ ಸಂಗತಿಯ ಸಂಭವನೀಯತೆ ಸೊನ್ನೆ. ಆಗಿಯೇ ತೀರುವ ಸಂಗತಿಯದು ಒಂದು. ಉಳಿದುದೆಲ್ಲವೂ ಇವೆರಡರ ನಡುವೆ. ಉತ್ತರ ಒಂದನ್ನು ಮೀರಿತೆಂದರೆ ಲೆಕ್ಕ ತಪ್ಪಿದೆಯೆಂದೇ ತಿಳಿಯಬೇಕು.

‘ಸಮಾನ ಅವಕಾಶವುಳ್ಳ’ ಎಂಬ ಮಾತಿನಲ್ಲಿಯೇ ಎಡವುವ ಕಲ್ಲಿರುವುದು. ದೊಡ್ಡವರೂ ಇಲ್ಲಿ ಎಡವಿದ್ದಾರೆ. ಹದಿನೆಂಟನೆಯ ಶತಮಾನದ ಫ್ರಾನ್ಸಿನ ಮಹಾಗಣಿತಜ್ಞರಲ್ಲೊಬ್ಬನಾದ ದಲಾಂಬೇರ್, ತಾನೇ ಸಂಪಾದಕರಲ್ಲೊಬ್ಬನಾಗಿದ್ದ ಪ್ರಸಿದ್ಧ ಫ್ರೆಂಚ್ ವಿಶ್ವಕೋಶದಲ್ಲಿ ೧೭೫೪ರಲ್ಲಿ ನಾಣ್ಯ ಚಿಮ್ಮುವ ಆಟದ ಬಗ್ಗೆ ಬರೆದ. ಎರಡು ಸಲ ಚಿಮ್ಮಿದಾಗ ಒಮ್ಮೆಯಾದರೂ ಹೆಡ್ ಬೀಳುವ ಸಂಭವ ಎಷ್ಟು? ಮೊದಲ ಸಲವೇ ಹೆಡ್ ಬಿದ್ದರೆ ಆಟ ಮುಗಿಯಿತು. ಇಲ್ಲವೆ ಮೊದಲು ಟೇಲ್, ಆಮೇಲೆ ಹೆಡ್. ಇಲ್ಲವೆ ಎರಡೂ ಟೇಲ್. ಮೂರು ಬಗೆಗಳಲ್ಲಿ ಎರಡು ಅನುಕೂಲ. ಆದ್ದರಿಂದ ಮೂರರಲ್ಲಿ ಎರಡು ಎಂಬುದು ಅವನ ವಾದ. ಆದರೆ ಮೊದಲ ಸಲವೇ ಹೆಡ್ ಬೀಳುವ ಸಂಭವ ಅರ್ಧ. ಉಳಿದ ಎರಡು ಬಗೆಗಳದು ಕಾಲು, ಕಾಲು. ಮೂರೂ ಸಮಾನವಲ್ಲ. ಹೆಡ್–ಹೆಡ್, ಹೆಡ್–ಟೇಲ್, ಟೇಲ್–ಹೆಡ್, ಟೇಲ್–ಟೇಲ್ ಎಂದು ಪೂರ್ತಿಯಾಗಿ ಎಣಿಸಿದರೆ ನಾಲ್ಕರಲ್ಲಿ ಮೂರು ಎಂಬುದೇ ಸರಿಯುತ್ತರ. ಇಂದು ಹತ್ತನೆಯ ತರಗತಿಯ ಹುಡುಗಿಯೂ ಸರಿಯಾಗಿ ಮಾಡುವ ಲೆಕ್ಕವನ್ನು ಅಂದಿನ ಮಹಾಮೇಧಾವಿ ತಪ್ಪು ಮಾಡಿದ. ಬುದ್ಧಿ ಸಾಲದೆ ಅಲ್ಲ, ಎಣಿಕೆಯಲ್ಲಿ ಅವಸರಪಟ್ಟದ್ದರಿಂದ.

ಅರ್ಧಕ್ಕೆ ನಿಂತ ಆಟ

ಸಂಭವನೀಯತೆ ಒಂದು ಶಾಸ್ತ್ರವಾಗಿ ಮೈದಳೆದದ್ದು ೧೬೫೪ರಲ್ಲಿ, ಇಬ್ಬರು ಫ್ರೆಂಚರು ಬರೆದುಕೊಂಡ ಕಾಗದಗಳಲ್ಲಿ. ಒಬ್ಬ ಪ್ಯಾರಿಸಿನ ಬ್ಲೇಸ್ ಪಾಸ್ಕಲ್. ಇನ್ನೊಬ್ಬ ತುಲೂಸಿನ ಪಿಯರ್ ದ ಫರ್ಮಾ. ಶೆವಲಿಯೆ ದ ಮೆರೆ ಎಂಬ ಜೂಜುಪ್ರಿಯ ಪಾಸ್ಕಲನ ಮುಂದಿಟ್ಟ ಪ್ರಶ್ನೆಗಳು ಈ ಪತ್ರವ್ಯವಹಾರಕ್ಕೆ ಕಾರಣವಾದವು.

ಇಬ್ಬರು ತಲಾ ೩೨ ಚಿನ್ನದ ನಾಣ್ಯಗಳನ್ನು ಪಣವಿಟ್ಟು ಆಟಕ್ಕೆ ಕುಳಿತಿದ್ದಾರೆ. ಮೊದಲು ಮೂರು ಆಟ ಗೆದ್ದವನಿಗೆ ೬೪ ನಾಣ್ಯಗಳೂ ಸೇರಬೇಕು. ಮೊದಲನೆಯವನು ಎರಡು ಆಟವನ್ನೂ ಎರಡನೆಯವನು ಒಂದು ಆಟವನ್ನೂ ಗೆದ್ದಿರುವಾಗ ಆಟ ನಿಲ್ಲಿಸಬೇಕಾಗಿ ಬಂದಿತು. ಹಣವನ್ನು ಹಂಚುವುದು ಹೇಗೆ? ಇದು ಹಳೆಯ ಪ್ರಶ್ನೆ. ಇಟಲಿಯ ಪಚೋಲಿ ೧೪೯೪ರಷ್ಟು ಹಿಂದೆಯೇ, ಗೆದ್ದ ಆಟಗಳ ಪ್ರಮಾಣದಲ್ಲಿ ಹಂಚಬೇಕೆಂಬ ತೀರ್ಪು ಕೊಟ್ಟಿದ್ದ. ಅದರಂತೆ ಮೊದಲನೆಯವನಿಗೆ ಮೂರರಲ್ಲಿ ಎರಡು ಪಾಲು ಸಲ್ಲಬೇಕು.

ಪಾಸ್ಕಲ್ ಹಿಂದೆ ನೋಡಲಿಲ್ಲ, ಮುಂದೆ ನೋಡಿದ. ಇನ್ನೊಂದು ಆಟ ನಡೆಯಿತೆನ್ನೋಣ. ಮೊದಲನೆಯವನು ಗೆದ್ದರೆ ಅವನಿಗೆ ೬೪ ನಾಣ್ಯಗಳೂ ಸಲ್ಲುತ್ತವೆ. ಸೋತರೆ ಇಬ್ಬರೂ ಸಮಸಮ. ಆಗ ಅವನ ಪಾಲು ೩೨. ಅಂದರೆ ಗೆದ್ದರೂ ಸೋತರೂ ೩೨ ನಾಣ್ಯಗಳು ಅವನವೇ. ಉಳಿದ ೩೨ರ ವಿಷಯದಲ್ಲಿ ಇಬ್ಬರಿಗೂ ಸಮಾನ ಅವಕಾಶ. ಆದ್ದರಿಂದ ಅದರಲ್ಲಿ ಅರ್ಧ ಅವನಿಗೆ. ಒಟ್ಟು ಅವನಿಗೆ ೪೮, ಇನ್ನೊಬ್ಬನಿಗೆ ೧೬. ಫರ್ಮಾ ಬೇರೆ ದಾರಿ ಹಿಡಿದ. ಮುಂದೆ ನಡೆಯಬಹುದಾದ ಆಟಗಳ ಎಲ್ಲ ಬಗೆಗಳನ್ನೂ ಎಣಿಸಿ ಅದೇ ಉತ್ತರಕ್ಕೆ ಬಂದ.

ಈ ಪರಿಹಾರದ ಹಿರಿಮೆ ಇರುವುದು ಅದರ ದೃಷ್ಟಿಯಲ್ಲಿ. ಆದುದು ಆಗಿಹೋಯಿತು, ಇನ್ನು ಏನೇನು ಆಗಬಹುದು, ಅವುಗಳಲ್ಲಿ ಪ್ರತಿಯೊಂದಕ್ಕೂ ಎಷ್ಟು ಅವಕಾಶ ಎಂಬುದಷ್ಟೇ ಅಲ್ಲಿನ ವಿಚಾರ. ಈ ದೃಷ್ಟಿಯನ್ನು ಮರೆತವರು ಪಡುವ ಪಾಡೇನೆಂಬುದಕ್ಕೆ ಮುಂದಿನ ಕಥೆಯೇ ಸಾಕ್ಷಿ.

ಮಾಂಟೆ ಕಾರ್ಲೊದ ರಾತ್ರಿ

ಯೂರೋಪಿನ ಮಾಂಟೆ ಕಾರ್ಲೊ ಜೂಜುಗೃಹಕ್ಕೆ ಹೆಸರಾದ ಊರು. ಅಲ್ಲಿನ ರೂಲೆಟ್ ಚಕ್ರದಲ್ಲಿ ೩೭ ಮನೆಗಳು: ೧೮ ಕೆಂಪು, ೧೮ ಕಪ್ಪು, ಒಂದು ಸೊನ್ನೆ. ತಿರುಗುವ ಚಕ್ರದಲ್ಲಿ ಚಿಕ್ಕ ಗುಂಡು ಎಲ್ಲಿ ನಿಲ್ಲುವುದೆಂಬುದರ ಮೇಲೆ ಪಣ. ೧೯೧೩ರ ಆಗಸ್ಟ್ ೧೮ರಂದು ಅಲ್ಲಿ ಗುಂಡು ಮತ್ತೆ ಮತ್ತೆ ಕಪ್ಪು ಮನೆಯಲ್ಲಿಯೇ ನಿಲ್ಲತೊಡಗಿತು. ಹತ್ತು ಸಲ ಕಪ್ಪು. ಹದಿನೈದು ಸಲ ಕಪ್ಪು. ಇನ್ನು ಕೆಂಪು ಬಂದೇ ಬರಬೇಕೆಂದು ಜನ ಮುಗಿಬಿದ್ದು ಕೆಂಪಿನ ಮೇಲೆ ಹಣ ಸುರಿದರು. ಕಪ್ಪು ಬಂದಷ್ಟೂ ಪಣ ಏರಿತು. ಒಟ್ಟು ೨೬ ಸಲ ಸತತವಾಗಿ ಕಪ್ಪೇ ಬಂದಿತು. ಜೂಜುಕೋರರ ಜೇಬು ಬರಿದಾಯಿತು. ಜೂಜುಗೃಹದ ಬೊಕ್ಕಸ ತುಂಬಿತು.

ಜೂಜುಕೋರರ ತಪ್ಪು ಏನು? ಇಪ್ಪತ್ತಾರು ಸಲ ಕಪ್ಪು ಬರುವುದು ಅತ್ಯಂತ ಅಪರೂಪವೆಂಬುದು ನಿಜ. ಆದರೆ ಅದು ಚಕ್ರ ತಿರುಗುವುದಕ್ಕೆ ಮೊದಲು ಆಡಬೇಕಾದ ಮಾತು. ಇಪ್ಪತ್ತೈದು ಸಲ ಕಪ್ಪು ಬಂದಾದ ಮೇಲೆ ಉಳಿದಿರುವುದು ಇಪ್ಪತ್ತಾರನೆಯ ಸುತ್ತು ಒಂದೇ. ಅದರಲ್ಲಿ ಕೆಂಪಿನ ಸಂಭವ ೩೭ರಲ್ಲಿ ೧೮, ಎಂದಿನಂತೆ. ಹಿಂದಿನ ಸುತ್ತುಗಳನ್ನು ಚಕ್ರ ಬರೆದಿಟ್ಟುಕೊಂಡಿಲ್ಲ. ಒಂದರ ಫಲ ಇನ್ನೊಂದರ ಮೇಲೆ ಯಾವ ಪ್ರಭಾವವನ್ನೂ ಬೀರದಿದ್ದರೆ ಅಂಥ ಘಟನೆಗಳನ್ನು ಗಣಿತದಲ್ಲಿ ‘ಸ್ವತಂತ್ರ ಘಟನೆಗಳು’ ಎನ್ನುತ್ತಾರೆ. ಸ್ವತಂತ್ರ ಘಟನೆಗಳೆಲ್ಲವೂ ಒಟ್ಟಿಗೆ ಆಗುವ ಸಂಭವ ಬೇಕಾದರೆ ಅವುಗಳ ಸಂಭವನೀಯತೆಗಳನ್ನು ಗುಣಿಸಬೇಕು. ಅರ್ಧವನ್ನು ಅರ್ಧದಿಂದ ಇಪ್ಪತ್ತು ಸಲ ಗುಣಿಸಿದಾಗ ಬರುವುದೇ ಟಾಸ್ ಲೆಕ್ಕದ ೧೦,೪೮,೫೭೬ರಲ್ಲಿ ಒಂದು. ಆಟಕ್ಕೆ ಮೊದಲು ಕೇಳಿದರೆ ಆ ಉತ್ತರ. ಇಪ್ಪತ್ತು ಮುಗಿದ ಮೇಲೆ ಮುಂದಿನದನ್ನು ಮಾತ್ರ ಕೇಳಿದರೆ ಅರ್ಧ. ಎರಡು ಬೇರೆ ಪ್ರಶ್ನೆಗಳಿಗೆ ಎರಡು ಬೇರೆ ಉತ್ತರಗಳು; ಗಂಟು ಬಿಡಿಸಿದಂತಾಯಿತು.

“ಹಾಗಾದರೆ ಬಹಳ ಸಲ ಚಿಮ್ಮಿದಾಗ ಹೆಡ್ಡೂ ಟೇಲೂ ಸರಿಸಮ ಆಗುತ್ತವೆ ಎನ್ನುತ್ತಾರಲ್ಲ? ಟೇಲ್ ಹೆಚ್ಚಾಗಿದ್ದರೆ ಮುಂದೆ ಹೆಡ್ ಹೆಚ್ಚು ಬಿದ್ದು ಸಾಲ ತೀರಿಸಬೇಕಲ್ಲವೆ?” ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಈ ಪ್ರಶ್ನೆಗೆ ಸೆರೆಶಿಬಿರವೊಂದರಿಂದ ಬಂದ ಉತ್ತರವಿದೆ. ದಕ್ಷಿಣ ಆಫ್ರಿಕದಲ್ಲಿ ಅಧ್ಯಾಪಕನಾಗಿದ್ದ ಜಾನ್ ಕೆರಿಚ್ ಎಂಬ ಗಣಿತಜ್ಞ ೧೯೪೦ರಲ್ಲಿ ಡೆನ್ಮಾರ್ಕಿನಲ್ಲಿದ್ದಾಗ ಜರ್ಮನರು ಆ ದೇಶವನ್ನು ಆಕ್ರಮಿಸಿದರು. ಶಿಬಿರದಲ್ಲಿ ಬಂದಿಯಾದ ಕೆರಿಚ್ ಕಾಲ ಕಳೆಯಲು ಕೈಗೊಂಡ ಪ್ರಯೋಗಗಳಲ್ಲಿ ಒಂದು, ನಾಣ್ಯವೊಂದನ್ನು ೧೦,೦೦೦ ಸಲ ಚಿಮ್ಮಿ ಪ್ರತಿಯೊಂದನ್ನೂ ಬರೆದಿಡುವುದು! ಯುದ್ಧ ಮುಗಿದ ಮೇಲೆ, ೧೯೪೬ರಲ್ಲಿ, ಆ ಲೆಕ್ಕ ಪುಸ್ತಕವಾಗಿ ಹೊರಬಂದಿತು.

ಮೊದಲ ೧೦೦ರಲ್ಲಿ ಹೆಡ್ ಬಿದ್ದದ್ದು ೪೪ ಸಲ. ಅಂದರೆ ಐವತ್ತಕ್ಕೆ ಆರು ಕಡಿಮೆ. ೧೦,೦೦೦ ಮುಗಿಯುವ ಹೊತ್ತಿಗೆ ಹೆಡ್‌ಗಳ ಸಂಖ್ಯೆ ೫,೦೬೭. ಅಂದರೆ ಐದು ಸಾವಿರಕ್ಕೆ ಅರವತ್ತೇಳು ಹೆಚ್ಚು. ನಾಣ್ಯ ಲೆಕ್ಕ ಚುಕ್ತಾ ಮಾಡಿತೆ? ಇಲ್ಲ. ಅಂತರ ಆರರಿಂದ ಅರವತ್ತೇಳಕ್ಕೆ ಏರಿತು! ಆದರೆ ಶೇಕಡಾವಾರು ನೋಡಿದರೆ ಅದೇ ಅಂತರ ಶೇಕಡಾ ೬ರಿಂದ ಶೇಕಡಾ ಒಂದಕ್ಕಿಂತ ಕೆಳಗೆ ಇಳಿಯಿತು. ನಾಣ್ಯ ಹಳೆಯ ಸಾಲವನ್ನು ತೀರಿಸುವುದಿಲ್ಲ. ಸಾವಿರಾರು ಹೊಸ ಚಿಮ್ಮುಗಳ ಪ್ರವಾಹದಲ್ಲಿ ಹಳೆಯ ಅಂತರ ಗಣನೆಗೆ ಬಾರದಷ್ಟು ಸಣ್ಣದಾಗುತ್ತದೆ, ಅಷ್ಟೆ. ಸ್ವಿಟ್ಸರ್ಲೆಂಡಿನ ಯಾಕೋಬ್ ಬರ್ನೂಲಿ ಸಾಧಿಸಿ ತೋರಿಸಿದ, ಅವನ ಮರಣಾನಂತರ ೧೭೧೩ರಲ್ಲಿ ಪ್ರಕಟವಾದ ‘ಬೃಹತ್ ಸಂಖ್ಯೆಗಳ ನಿಯಮ’ದ ತಿರುಳೂ ಇದೇ.

ಒಂದೇ ದಿನ ಹುಟ್ಟಿದವರು

ಅಪರೂಪವೆಂದು ತೋರುವುದೆಲ್ಲ ನಿಜವಾಗಿಯೂ ಅಪರೂಪವೇ ಎಂಬುದು ಮುಂದಿನ ಪ್ರಶ್ನೆ. ನಲವತ್ತು ಮಕ್ಕಳ ತರಗತಿಯೊಂದರಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಂಭವ ಎಷ್ಟಿರಬಹುದು? ವರ್ಷಕ್ಕೆ ೩೬೫ ದಿನ, ಮಕ್ಕಳು ನಲವತ್ತೇ. ಬಹಳ ಕಡಿಮೆ ಎಂದೇ ಹೆಚ್ಚಿನವರು ಹೇಳುತ್ತಾರೆ. ನಿಜವಾದ ಉತ್ತರ ನೂರರಲ್ಲಿ ಸುಮಾರು ೮೯! ಇಪ್ಪತ್ತಮೂರು ಜನ ಸೇರಿದರೆ ಸಾಕು, ಸಂಭವ ಅರ್ಧವನ್ನು ದಾಟುತ್ತದೆ. ಏಕೆಂದರೆ ಇಲ್ಲಿ ಎಣಿಸಬೇಕಾದುದು ಜನರನ್ನಲ್ಲ, ಜೋಡಿಗಳನ್ನು. ಇಪ್ಪತ್ತಮೂರು ಜನರಲ್ಲಿ ೨೫೩ ಜೋಡಿಗಳಿವೆ. ನಲವತ್ತು ಜನರಲ್ಲಿ ೭೮೦. ಗೊತ್ತುಮಾಡಿದ ಒಂದು ಜೋಡಿಯ ಹುಟ್ಟುಹಬ್ಬ ಹೊಂದುವುದು ಅಪರೂಪ. ಯಾವುದೋ ಒಂದು ಜೋಡಿಯದು ಹೊಂದುವುದು ಸಾಮಾನ್ಯ.

ಈ ಪ್ರಯೋಗವನ್ನು ತಾತನ ಕಾಲದ ಶಾಲಾ ದಾಖಲೆಗಳಲ್ಲಿ ನಡೆಸುವವರು ಮಾತ್ರ ಎಚ್ಚರವಾಗಿರಬೇಕು. ಅಂದು ಹುಟ್ಟಿದ ತಾರೀಖು ನೆನಪಿಲ್ಲದ ತಾಯಿತಂದೆಗಳ ಮಕ್ಕಳಿಗೆ ಮೇಷ್ಟರೇ ಶಾಲೆಗೆ ಸೇರುವ ವಯಸ್ಸಿಗೆ ಹೊಂದುವಂತೆ ಜೂನ್ ೧ ಎಂದೋ ಇನ್ನೊಂದೋ ಬರೆದುಕೊಳ್ಳುತ್ತಿದ್ದುದುಂಟು. ಅಲ್ಲಿ ೩೬೫ ದಿನಗಳಿಗೂ ಸಮಾನ ಅವಕಾಶವಿಲ್ಲ, ಸೂತ್ರ ನಡೆಯುವುದಿಲ್ಲ!

ಟಾಸ್‌ಗಳ ಕಥೆಯಲ್ಲಿಯೂ ಇದನ್ನು ನೆನೆಯಬೇಕು. ಹತ್ತು ಲಕ್ಷದಲ್ಲಿ ಒಂದು ಎಂಬುದು ಇಂಥ ತಂಡ, ಇಂಥ ಇಪ್ಪತ್ತು ಪಂದ್ಯಗಳು ಎಂದು ಮೊದಲೇ ಗೊತ್ತುಮಾಡಿದಾಗ ಸಲ್ಲುವ ಲೆಕ್ಕ. ಎಲ್ಲ ತಂಡಗಳೂ ಎಲ್ಲ ವರ್ಷಗಳೂ ಸೇರಿದರೆ ಅವಕಾಶ ಬೆಳೆಯುತ್ತದೆ. ಆಗಲೂ ಅದು ಅಪರೂಪವೇ. ಆದರೆ ಅಂಕಿ ಹೆದರಿಸುವಷ್ಟು ಅಪರೂಪವಲ್ಲ.

ನ್ಯಾಯಾಲಯದಲ್ಲೊಂದು ಗುಣಾಕಾರ

ನಾಣ್ಯ, ಚಕ್ರಗಳ ಲೋಕದಲ್ಲಿ ಒಂದು ಘಟನೆಗೂ ಇನ್ನೊಂದಕ್ಕೂ ಸಂಬಂಧವಿಲ್ಲ. ಆದರೆ ಲೋಕವೆಲ್ಲ ನಾಣ್ಯವಲ್ಲ. ಐವತ್ತೆರಡು ಇಸ್ಪೀಟು ಎಲೆಗಳಿಂದ ಒಂದನ್ನು ತೆಗೆದಾಗ ಅದು ಎಕ್ಕ ಆಗುವ ಸಂಭವ ೫೨ರಲ್ಲಿ ೪. ಅದನ್ನು ಮರಳಿ ಇಡದೆ ಎರಡನೆಯ ಎಲೆ ತೆಗೆದರೆ, ಉಳಿದ ೫೧ರಲ್ಲಿ ಎಕ್ಕಗಳು ಮೂರೇ. ಎರಡೂ ಎಕ್ಕವಾಗುವ ಸಂಭವ ೨೨೧ರಲ್ಲಿ ಒಂದು. ಮೊದಲ ಎಲೆಯನ್ನು ಮರಳಿಟ್ಟು ಕಲಸಿ ತೆಗೆದಿದ್ದರೆ ೧೬೯ರಲ್ಲಿ ಒಂದು ಆಗುತ್ತಿತ್ತು. ಎಲೆಯ ಕಟ್ಟಿಗೆ ನೆನಪಿದೆ! ನೆನಪಿರುವ ವಸ್ತುವನ್ನು ನೆನಪಿಲ್ಲದ ವಸ್ತುವೆಂದು ಭಾವಿಸಿ ಗುಣಿಸಿದರೆ ಉತ್ತರ ಸುಳ್ಳಾಗುತ್ತದೆ. ಇಸ್ಪೀಟಿನಲ್ಲಿ ಈ ಸುಳ್ಳಿನ ಬೆಲೆ ಅಲ್ಪ. ಇಂಗ್ಲೆಂಡಿನಲ್ಲಿ ಒಮ್ಮೆ ಅದು ಅಲ್ಪವಾಗಿರಲಿಲ್ಲ.

ಚೆಷೈರ್ ಪ್ರಾಂತದಲ್ಲಿ ಸ್ಯಾಲಿ ಕ್ಲಾರ್ಕ್ ಎಂಬ ವಕೀಲೆಯಿದ್ದಳು. ಅವಳ ಮೊದಲ ಗಂಡುಮಗು ೧೯೯೬ರ ಡಿಸೆಂಬರಿನಲ್ಲಿ, ಹನ್ನೊಂದು ವಾರಗಳ ಹಸುಳೆಯಾಗಿರುವಾಗ, ಇದ್ದಕ್ಕಿದ್ದಂತೆ ತೀರಿಕೊಂಡಿತು. ಎರಡನೆಯ ಗಂಡುಮಗುವೂ ೧೯೯೮ರ ಜನವರಿಯಲ್ಲಿ, ಎಂಟು ವಾರಗಳಾಗಿದ್ದಾಗ, ಹಾಗೆಯೇ ಸತ್ತಿತು. ತಾಯಿಯೇ ಮಕ್ಕಳನ್ನು ಕೊಂದಳೆಂಬ ಆರೋಪ ಬಂದಿತು. ವಿಚಾರಣೆಯಲ್ಲಿ ಪ್ರಸಿದ್ಧ ಶಿಶುವೈದ್ಯನೊಬ್ಬ ಒಂದು ಅಂಕಿಯನ್ನು ಮುಂದಿಟ್ಟ. ಅಂಥ ಅನುಕೂಲಸ್ಥ ಕುಟುಂಬದಲ್ಲಿ ಕಾರಣ ತಿಳಿಯದ ಹಠಾತ್ ಶಿಶುಮರಣ ೮,೫೪೩ರಲ್ಲಿ ಒಂದು. ಎರಡು ಸಲ ಆಗಬೇಕಾದರೆ ಅದನ್ನು ಅದರಿಂದಲೇ ಗುಣಿಸಬೇಕು. ಅದು ಸುಮಾರು ಏಳು ಕೋಟಿ ಮೂವತ್ತು ಲಕ್ಷದಲ್ಲಿ ಒಂದು! ೧೯೯೯ರ ನವೆಂಬರಿನಲ್ಲಿ ನ್ಯಾಯದರ್ಶಿಗಳು ಹತ್ತಕ್ಕೆ ಎರಡರ ಬಹುಮತದಿಂದ ಅವಳನ್ನು ಅಪರಾಧಿಯೆಂದರು. ಜೀವಾವಧಿ ಶಿಕ್ಷೆಯಾಯಿತು.

ಗುಣಾಕಾರದಲ್ಲಿ ತಪ್ಪಿರಲಿಲ್ಲ. ೮,೫೪೩ನ್ನು ಅದರಿಂದಲೇ ಗುಣಿಸಿದರೆ ೭,೨೯,೮೨,೮೪೯ ಸರಿಯಾಗಿಯೇ ಬರುತ್ತದೆ. ತಪ್ಪಿದ್ದುದು ಗುಣಿಸಿದ್ದರಲ್ಲಿಯೇ. ಒಂದೇ ತಾಯಿತಂದೆಯರ ಮಕ್ಕಳು ಎರಡು ನಾಣ್ಯಗಳಲ್ಲ. ಒಂದೇ ರಕ್ತ, ಒಂದೇ ಮನೆ, ಒಂದೇ ಗಾಳಿ. ಮೊದಲ ಮಗುವಿನ ಸಾವಿಗೆ ಅನುವಂಶಿಕವಾದ ಗುಪ್ತಕಾರಣವಿದ್ದರೆ ಅದು ಎರಡನೆಯ ಮಗುವಿನಲ್ಲಿಯೂ ಇರಬಹುದು. ಆಗ ಎರಡನೆಯ ಸಾವಿನ ಸಂಭವ ೮,೫೪೩ರಲ್ಲಿ ಒಂದಕ್ಕಿಂತ ಬಹಳ ಹೆಚ್ಚು. ಘಟನೆಗಳು ಸ್ವತಂತ್ರವೆಂದು ತೋರಿಸದೆ ಗುಣಿಸುವ ಅಧಿಕಾರ ಯಾರಿಗೂ ಇಲ್ಲ.

ಎರಡನೆಯ ತಪ್ಪು ಇದಕ್ಕಿಂತ ಸೂಕ್ಷ್ಮವಾದುದು. ಎರಡು ಸಹಜ ಮರಣಗಳು ಅಪರೂಪವೆಂದ ಮಾತ್ರಕ್ಕೆ ತಾಯಿ ನಿರಪರಾಧಿಯಾಗಿರುವ ಸಂಭವವೂ ಅಷ್ಟೇ ಅಪರೂಪ ಎಂದಾಗುವುದಿಲ್ಲ. ತಾಯಿಯೊಬ್ಬಳು ತನ್ನ ಎರಡು ಹಸುಳೆಗಳನ್ನು ಕೊಲ್ಲುವುದೂ ಅತ್ಯಂತ ಅಪರೂಪವಲ್ಲವೆ? ಎರಡು ಅಪರೂಪಗಳಲ್ಲಿ ಯಾವುದು ಹೆಚ್ಚು ಅಪರೂಪವೆಂದು ತೂಗಿ ನೋಡಬೇಕು. ಒಂದು ತಟ್ಟೆಯನ್ನು ಮಾತ್ರ ನೋಡಿ ತೀರ್ಪು ಕೊಡಬಾರದು. ಅದೂ ಅಲ್ಲದೆ, ೧೯೯೦ರ ದಶಕದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ವರ್ಷಕ್ಕೆ ಆರು ಲಕ್ಷಕ್ಕೂ ಹೆಚ್ಚು ಶಿಶುಗಳು ಹುಟ್ಟುತ್ತಿದ್ದವು. ಅಷ್ಟು ಮನೆಗಳಿರುವಾಗ, ಅಪರೂಪದ ದುಃಖವೂ ಯಾವುದೋ ಒಂದು ಮನೆಯ ಬಾಗಿಲನ್ನು ತಟ್ಟುತ್ತದೆ. ತಟ್ಟಿದ್ದೇ ಆ ಮನೆಯವರ ಅಪರಾಧಕ್ಕೆ ಸಾಕ್ಷಿಯಾಗಲಾರದು.

೨೦೦೦ದಲ್ಲಿ ಮೊದಲ ಮೇಲ್ಮನವಿ ತಿರಸ್ಕೃತವಾಯಿತು. ೨೦೦೧ರ ಅಕ್ಟೋಬರಿನಲ್ಲಿ ಲಂಡನ್ನಿನ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಆ ಏಳು ಕೋಟಿಯ ಅಂಕಿಗೆ ಯಾವ ಆಧಾರವೂ ಇಲ್ಲವೆಂದು ಬಹಿರಂಗವಾಗಿ ಸಾರಿತು. ಎರಡನೆಯ ಮಗುವಿನ ದೇಹದ ಪರೀಕ್ಷೆಯಲ್ಲಿ ರೋಗಾಣುಗಳು ಕಂಡುಬಂದಿದ್ದ ವರದಿಯನ್ನು ನ್ಯಾಯಾಲಯದ ಮುಂದೆ ತಂದೇ ಇರಲಿಲ್ಲವೆಂಬುದೂ ಬಯಲಾಯಿತು. ಮುಖ್ಯವಾಗಿ ಈ ಕಾರಣದಿಂದ ೨೦೦೩ರ ಜನವರಿಯಲ್ಲಿ ಶಿಕ್ಷೆ ರದ್ದಾಯಿತು. ಆ ಅಂಕಿಯನ್ನು ನ್ಯಾಯದರ್ಶಿಗಳ ಮುಂದೆ ಇಡಲೇಬಾರದಾಗಿತ್ತೆಂದು ಮೇಲ್ಮನವಿಯ ನ್ಯಾಯಾಲಯವೂ ಅಭಿಪ್ರಾಯಪಟ್ಟಿತು. ಅಷ್ಟರಲ್ಲಿ ಮೂರು ವರ್ಷಗಳಿಗೂ ಮಿಕ್ಕ ಸೆರೆವಾಸ ಮುಗಿದಿತ್ತು. ಸ್ಯಾಲ್ಯಿ ಕ್ಲಾರ್ಕ್ ಮೊದಲಿನಂತಾಗಲಿಲ್ಲ. ೨೦೦೭ರ ಮಾರ್ಚಿನಲ್ಲಿ, ನಲವತ್ತೆರಡನೆಯ ವಯಸ್ಸಿನಲ್ಲಿ, ಅವಳು ತೀರಿಕೊಂಡಳು.

ಮೂರು ಪ್ರಶ್ನೆಗಳು

ಮಾಂಟೆ ಕಾರ್ಲೊದ ಜೂಜುಕೋರರೂ ಇಂಗ್ಲೆಂಡಿನ ನ್ಯಾಯಾಲಯವೂ ಮಾಡಿದ ತಪ್ಪುಗಳು ಒಂದೇ ನಾಣ್ಯದ ಎರಡು ಮುಖಗಳು. ಅಲ್ಲಿ ಸಂಬಂಧವಿಲ್ಲದ ಕಡೆ ಸಂಬಂಧವನ್ನು ಕಂಡರು. ಇಲ್ಲಿ ಸಂಬಂಧವಿರಬಹುದಾದ ಕಡೆ ಅದನ್ನು ಕಾಣದೆ ಹೋದರು. ಸಂಭವನೀಯತೆಯ ಅಧ್ಯಾಯವನ್ನು ತೆರೆಯುವ ವಿದ್ಯಾರ್ಥಿ ಸೂತ್ರವನ್ನು ಬಾಯಿಪಾಠ ಮಾಡುವುದಕ್ಕಿಂತ ಮೊದಲು ಮೂರು ಪ್ರಶ್ನೆಗಳನ್ನು ರೂಢಿಸಿಕೊಳ್ಳುವುದು ಲೇಸು. ಆಗಬಹುದಾದುದೆಲ್ಲವನ್ನೂ ಎಣಿಸಿದ್ದಾಯಿತೆ? ಎಣಿಸಿದವೆಲ್ಲಕ್ಕೂ ಸಮಾನ ಅವಕಾಶವಿದೆಯೆ? ಒಂದು ನಡೆದುದರಿಂದ ಇನ್ನೊಂದರ ಅವಕಾಶ ಬದಲಾಗುತ್ತದೆಯೆ? ಮೊದಲನೆಯ ಎರಡನ್ನು ಕೇಳಿಕೊಂಡವನು ದಲಾಂಬೇರನಂತೆ ಎಡವುವುದಿಲ್ಲ. ಮೂರನೆಯದನ್ನು ಕೇಳಿಕೊಂಡವನು ಅಂಕಿಯ ಹೆಸರಿನಲ್ಲಿ ಅನ್ಯಾಯಕ್ಕೆ ಕೈಜೋಡಿಸುವುದಿಲ್ಲ.

ರಜೆಯ ಮಧ್ಯಾಹ್ನ ಮನೆಯ ಮಕ್ಕಳು ನಾಲ್ಕು ಹುಣಸೆಬೀಜಗಳನ್ನು ತೇಯ್ದು ನೂರು ಸಲ ಹಾಕಿ ಬರೆದಿಡಬಹುದು. ಲೆಕ್ಕದ ಪ್ರಕಾರ ಒಂದು ಸುಮಾರು ೨೫ ಸಲ, ಎರಡು ೩೭–೩೮ ಸಲ, ಮೂರು ೨೫ ಸಲ, ಚೌಕ ಆರು ಸಲ, ಬಾರ ಆರು ಸಲ ಬೀಳಬೇಕು. ಬಿದ್ದದ್ದು ಇದಕ್ಕೆ ಅಷ್ಟಿಷ್ಟು ಬೇರೆಯಾಗುವುದಂತೂ ಖಂಡಿತ. ನೂರು ಸಲ ಸಾಲದೆ ಹೀಗಾಯಿತೆ, ಅಥವಾ ತೇಯ್ದ ಬೀಜ ಒಂದು ಬದಿಗೇ ಹೆಚ್ಚಾಗಿ ವಾಲುತ್ತಿದೆಯೆ? ಈ ಸಂಶಯ ಹುಟ್ಟಿ, ಬೀಜಗಳನ್ನು ಮತ್ತೆ ಕೈಗೆತ್ತಿಕೊಂಡ ಮಗು ಋತುಪರ್ಣನ ವಿದ್ಯೆಯ ಮೊದಲ ಪಾಠವನ್ನು ಕಲಿತಂತೆಯೇ.